ಐದು ಸಿಹಿ, ಮೂರು ಕಹಿ

ಜೂನ್ ೩, ಮಂಗಳವಾರ

ಇಂದು ರಾಜನು ಓಡಿದನು.

ತುಂಬಿದ ಸಭೆಯ ಕಣ್ಣೆದುರಿಗೆ, ತಲೆಯ ಮೇಲೆ ಕಿರೀಟ, ಎರಡೂ ಕೈಯಲ್ಲಿ ಎತ್ತಿಹಿಡಿದ ನಿಲುವಂಗಿ, ಓಡಿದನು! ಇಪ್ಪತ್ತೆರಡು ವರ್ಷದಿಂದ ನಮ್ಮ ನಾಟಕದ ಕೊನೆಯ ಅಂಕದಲ್ಲಿ ನಾನು ಸಿಂಹಾಸನದಲ್ಲಿ ಕೂತು ಸ್ವಂತ ಮಗನ ವಿಚಾರಣೆ ನಡೆಸುತ್ತಿದ್ದೇನೆ. "ನ್ಯಾಯ ಮುಗಿಯುವವರೆಗೆ ಈ ಪೀಠದಿಂದ ಏಳೆನು!" ಎಂದು ಗುಡುಗಿದ ಮೇಲೆ ನಲವತ್ತೆರಡು ನಿಮಿಷ ಪರದೆ ಬೀಳುವುದಿಲ್ಲ, ರಾಜ ಏಳುವುದಿಲ್ಲ. ಜನ ಬರುವುದೇ ಅದನ್ನು ನೋಡಲು. ಇಂದೂ ಗುಡುಗಿದೆ. ಗುಡುಗಿ ಆರು ನಿಮಿಷವಾಗಿಲ್ಲ, ಹೊಟ್ಟೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗಾಯಿತು. ಎದ್ದೆ. ಓಡಿದೆ.

ಸಭೆ ನಕ್ಕಿತು. ಅಂಥ ನಗೆ ನಮ್ಮ ಕಂಪನಿಯ ವಿದೂಷಕನಿಗೂ ಎಂದೂ ಸಿಕ್ಕಿಲ್ಲ. ಸೇನಾಪತಿಯ ಪಾತ್ರ ಮಾಡುವ ನನ್ನ ತಮ್ಮ, "ಪ್ರಭುಗಳಿಗೆ ಗಡಿಯಿಂದ ತುರ್ತು ಕರೆ ಬಂದಿದೆ!" ಎಂದು ಹೊತ್ತು ತುಂಬಿದನಂತೆ. ಅದಕ್ಕೆ ಚಪ್ಪಾಳೆ ಬೇರೆ.

ಒಳಗೆ ಕಂಡದ್ದು ರಕ್ತ. ಮೂರು ತಿಂಗಳಿಂದ ಕಾಣುತ್ತಿದೆ. ಯಾರಿಗೂ ಹೇಳಿಲ್ಲ. ರಾಜನ ರಕ್ತ ರಣರಂಗದಲ್ಲಿ ಬೀಳಬೇಕು, ಕಕ್ಕಸಿನಲ್ಲಲ್ಲ.

ಬಣ್ಣ ಒರೆಸಿಕೊಳ್ಳುತ್ತಿದ್ದಾಗ ಮ್ಯಾನೇಜರು ಬಂದ. "ಬೇಜಾರು ಮಾಡ್ಕೋಬೇಡಿ. ಇನ್ನೊಂದು ಸಲ ಆ ಕುರ್ಚಿಯಿಂದ ಎದ್ರೆ, ಮಾರನೇ ದಿನದಿಂದ ಅದರಲ್ಲಿ ನಿಮ್ಮ ತಮ್ಮ ಕೂತ್ಕೋತಾರೆ."

ಕುರ್ಚಿ ಅಂದ! ಸಿಂಹಾಸನವನ್ನು ಕುರ್ಚಿ ಅಂದ!

ಇವಳು ಸಿಂಹಾಸನದ ಹಿಂದಿನ ಗೂಡಿನಿಂದ ಹೊರಬಂದು, ಕನ್ನಡಕ ಒರೆಸುತ್ತಾ ನಿಂತಿದ್ದಳು. ನನ್ನ ಹೆಂಡತಿ, ಕಂಪನಿಯ ಪ್ರಾಂಪ್ಟರು. ಒಂದು ಕಾಲಕ್ಕೆ ನನ್ನೆದುರು ರಾಣಿಯಾಗಿದ್ದವಳು; ಗಂಟಲಿನಲ್ಲಿ ಗಂಟೆದ್ದು, ಅದನ್ನು ಕೊಯ್ದ ಮೇಲೆ ಉಳಿದದ್ದು ಪಿಸುಮಾತು ಮಾತ್ರ. ಪೀಠದ ಬೆನ್ನಿಗೆ ಅಂಗೈಯಗಲದ ಕಿಂಡಿಯಿದೆ. ಅದರ ಹಿಂದೆ ಸಣ್ಣ ಟಾರ್ಚು ಹಿಡಿದು ಕೂತು ಎಲ್ಲರಿಗೂ ಮಾತು ಎತ್ತಿಕೊಡುತ್ತಾಳೆ. ನನಗೆ ಬೇಕಾಗುವುದಿಲ್ಲ, ಅದು ಬೇರೆ ವಿಷಯ.

"ಮೂರು ತಿಂಗಳಾಯ್ತು, ಅಲ್ವಾ?" ಎಂದು ಪಿಸುಗುಟ್ಟಿದಳು. "ನಾಳೆ ಆಸ್ಪತ್ರೆಗೆ ಹೋಗೋಣ ರೀ."

ಇವಳಿಗೆ ಹೇಗೆ ಗೊತ್ತಾಯಿತೋ!

ಜೂನ್ ೬, ಶುಕ್ರವಾರ

ಎಡಮಗ್ಗುಲಾಗಿ ಮಲಗಿಸಿ, ಹಿಂಬಾಗಿಲಿನಿಂದ ಕ್ಯಾಮೆರಾ ನುಗ್ಗಿಸಿದರು. ನಲವತ್ತು ವರ್ಷ ರಂಗದ ಮೇಲೆ ನಿಂತವನಿಗೆ ಇದೂ ಒಂದು ಪ್ರವೇಶ.

ಡಾಕ್ಟರಮ್ಮ ಪರದೆಯ ಮೇಲೆ ತೋರಿಸಿದಳು. ನನ್ನ ಕರುಳು ಸುಟ್ಟ ಕಾಡಿನ ಹಾಗಿದೆ.

"ದೊಡ್ಡ ಕರುಳಿನ ಒಳಗೋಡೆ ಊದಿಕೊಂಡು ಹುಣ್ಣಾಗಿದೆ. ಸೋಂಕಲ್ಲ. ನಿಮ್ಮ ಮೈಯನ್ನ ಕಾಯಬೇಕಾದ ಕಣಗಳೇ ನಿಮ್ಮ ಕರುಳಿನ ಮೇಲೆ ಬಿದ್ದಿವೆ."

"ಭಲೆ! ಅರಮನೆಯೊಳಗೇ ದಂಗೆ!" ಎಂದೆ. ಅವಳು ನಗಲಿಲ್ಲ. ಇವಳೊಬ್ಬಳು ನಕ್ಕಳು, ಸದ್ದಿಲ್ಲದೆ.

ಡಾಕ್ಟರಮ್ಮ ಎರಡು ಬಗೆಯ ಮಾತ್ರೆ ಬರೆದುಕೊಟ್ಟಳು. ಒಂದು ಇಟ್ಟಿಗೆ ಬಣ್ಣದ ದೊಡ್ಡದು, ಕರುಳಿನ ಉರಿಯೂತ ತಣಿಸುವುದು, ಮೆಸಲಮಿನ್ ಅಂತೆ. ವರ್ಷಗಟ್ಟಲೆ ನುಂಗಬೇಕು. ಇನ್ನೊಂದು ಪುಟ್ಟ ಬಿಳಿಯದು, ನಡುವೆ ಗೀರಿದೆ. ಸ್ಟಿರಾಯ್ಡ್. ದಿನಕ್ಕೆ ಎಂಟು, ಬೆಳಿಗ್ಗೆ ತಿಂಡಿಯಾದ ಮೇಲೆ.

"ಬಿಳಿಯದು ಬೆಂಕಿ ಆರಿಸೋಕೆ ಮಾತ್ರ," ಎಂದಳು. "ಎರಡು ವಾರ ಎಂಟು, ಆಮೇಲೆ ವಾರಕ್ಕೊಂದು ಕಮ್ಮಿ. ಹೆಚ್ಚು ದಿನ ತಗೋಬಾರದು. ಹಾಗಂತ ತಟ್ಟನೆ ನಿಲ್ಲಿಸಲೂಬಾರದು. ಇದು ಹೊರಗಿಂದ ಬರ್ತಾ ಇದ್ರೆ ನಿಮ್ಮ ಮೈ ತಾನು ತಯಾರಿಸೋದನ್ನೇ ಮರೀತದೆ. ಒಂದೇ ಸಲ ಬಿಟ್ರೆ ಕುಸಿದು ಬೀಳ್ತೀರ. ಗೊತ್ತಾಯ್ತಾ?"

ನನಗೆ ಪಾಠ ಹೇಳುತ್ತಾಳೆ, ನನ್ನ ಮಗಳಾಗುವಷ್ಟು ವಯಸ್ಸಿನವಳು.

ಎಂಟನ್ನೂ ಒಟ್ಟಿಗೆ ಬಾಯಿಗೆಸೆದು, ಮೂರನೇ ಅಂಕದ ವಿಷದ ಬಟ್ಟಲು ಎತ್ತುವ ಹಾಗೆ ಲೋಟ ಎತ್ತಿ, ಒಂದೇ ಗುಟುಕಿಗೆ ಇಳಿಸಿದೆ. ರುಚಿ ನಾಲಗೆಗೆ ತಾಗಲೇ ಇಲ್ಲ. ಇವಳು ಇದನ್ನೆಲ್ಲ ಒಂದು ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾಳೆ. ಪ್ರಾಂಪ್ಟರ್ ಬುದ್ಧಿ.

ಜೂನ್ ೧೩, ಶುಕ್ರವಾರ

ನಲವತ್ತೆರಡು ನಿಮಿಷ! ಕೂತೆ! ಕದಲಲಿಲ್ಲ!

ಆಹಾ, ಪುಟ್ಟ ಬಿಳಿಯ ಮಾತ್ರೆಗಳೇ! ನೀವು ಮಾತ್ರೆಗಳಲ್ಲ, ಎಂಟು ಕುದುರೆಗಳು! ರಕ್ತ ನಿಂತಿತು, ನೋವು ಸತ್ತಿತು, ಹಸಿವು ಹುಲಿಯದು. ನಿದ್ದೆ ಬೇಡವೇ ಬೇಡ. ಕಂಠವಂತೂ! ಮೈಕು ಕಿತ್ತೆಸೆಯಿರಿ ಎಂದೆ. ಹಿಂದಿನ ಸಾಲಿನ ಗೋಡೆಗೆ ನನ್ನ ದನಿ ಬಡಿದು ವಾಪಸು ಬರುವುದನ್ನು ನಾನೇ ಕೇಳಿದೆ. ತಮ್ಮನ ಮುಖ ನೋಡಬೇಕಿತ್ತು. "ಅಣ್ಣಾ, ಇವತ್ತು ನಿನ್ನ ಪಕ್ಕ ನಿಂತು ನನ್ನ ಕಿವಿ ಗುಂಯ್ ಅಂತಿದೆ" ಅಂದ. ಸಂತೋಷಪಟ್ಟವನ ಹಾಗೆ ನಟಿಸಿದ. ನಟನೆ ಸಾಲದು.

ಜೂನ್ ೨೧, ಶನಿವಾರ

ನಿನ್ನೆ ತಟ್ಟೆಯಲ್ಲಿ ಏಳೇ ಇದ್ದವು.

"ಇವತ್ತಿಂದ ಏಳು ರೀ. ಡಾಕ್ಟರು ಹೇಳಿದ ಲೆಕ್ಕ."

ಏಳಕ್ಕೇ ದನಿ ಇಳಿಯಿತು. ಸಭೆಗೆ ತಿಳಿಯಲಿಲ್ಲ, ನನಗೆ ತಿಳಿಯಿತು. ಕುದುರೆ ಬಿಚ್ಚಿದರೆ ರಥಕ್ಕೆ ತಿಳಿಯುವುದಿಲ್ಲವೇ?

ಇಂದು ಬೆಳಿಗ್ಗೆ ಮೂಲೆಯ ಔಷಧಿ ಅಂಗಡಿಗೆ ನಾನೇ ಹೋದೆ. ಅಂಗಡಿಯವನು ನನ್ನ ಅಭಿಮಾನಿ. ಸಿಂಹಾಸನದ ಮಾತು ಒಂದು ಹೇಳಿ ಅಂದ. ಬಾಗಿಲಲ್ಲಿ ನಿಂತು ಗುಡುಗಿದೆ. ಚೀಟಿ ಕೇಳದೆ ಬಿಳಿಯ ಡಬ್ಬಿ ಕೊಟ್ಟ. ಎಂಟನೆಯದು ಈಗ ನನ್ನ ಜೇಬಿನಲ್ಲಿದೆ.

ಜೂನ್ ೨೯, ಭಾನುವಾರ

ಕಿರೀಟ ಬಿಗಿಯುತ್ತಿದೆ. ಹಣೆಯ ಸುತ್ತ ಕೆಂಪು ಗೆರೆ. ರಂಗದ ಸಾಮಾನು ಮಾಡುವ ಗೋಂದಣ್ಣನನ್ನು ಕರೆಸಿದೆ. ಅವನ ಬೆರಳು ಯಾವಾಗಲೂ ಅಂಟಂಟು, ಅದಕ್ಕೇ ಆ ಹೆಸರು. ಈಚೆಗೆ ಕೈಯೂ ನಡುಗುತ್ತದೆ.

"ಕಿರೀಟ ಯಾಕೆ ಚಿಕ್ಕದು ಮಾಡಿದೆ?"

"ನಾನು ಮುಟ್ಟಿಲ್ಲ ರಾಜರೇ. ಮುಖ... ಸ್ವಲ್ಪ ದುಂಡಗಾಗಿದೆ."

"ನಡುಗೋ ಕೈಯವರು ಅಳತೆ ತೆಗೀಬಾರದು, ಮನೇಲಿ ಕೂತು ಗಂಜಿ ಚೆಲ್ಲಿಕೊಳ್ಳಬೇಕು," ಎಂದೆ. ಎಲ್ಲರೂ ಇದ್ದರು. ಯಾರೂ ನಗಲಿಲ್ಲ. ಈ ಕಂಪನಿಯಲ್ಲಿ ಹಾಸ್ಯಪ್ರಜ್ಞೆ ಸತ್ತಿದೆ.

ರಾಣಿಯ ಪಾತ್ರದ ಹುಡುಗಿಗೂ ಇಂದು ವಿದ್ಯೆ ಕಲಿಸಿದೆ. "ಮಗನನ್ನು ಕ್ಷಮಿಸಿ" ಎಂಬುದನ್ನು ಎಂಬತ್ತು ಸಲ ಹೇಳಿಸಿದೆ. ಅರವತ್ತರ ಹೊತ್ತಿಗೆ ದನಿ ಒಡೆಯಿತು, ಎಪ್ಪತ್ತಕ್ಕೆ ಅತ್ತಳು, ಎಂಬತ್ತನೆಯದು ಅದ್ಭುತವಾಗಿತ್ತು. ಒಂದು ದಿನ ನನಗೆ ಕೃತಜ್ಞಳಾಗಿರುತ್ತಾಳೆ.

ಇವಳು ಪಕ್ಕಕ್ಕೆ ಕರೆದು ಹೇಳಿದಳು: "ರೀ, ನೀವು ಹೀಗಿರಲಿಲ್ಲ. ಇದು ಆ ಮಾತ್ರೆ ಆಡಿಸ್ತಾ ಇರೋದು. ನಿಮ್ಮ ಜೇಬಿನ ಡಬ್ಬಿ ನೋಡಿದೆ."

"ಗಂಟಲು ಸತ್ತವಳು ಗಂಟಲಿರುವವನಿಗೆ ಬುದ್ಧಿ ಹೇಳಬೇಡ," ಎಂದೆ.

ಮಾತು ಚೆನ್ನಾಗಿ ಬಿತ್ತು. ಯಾವುದಾದರೂ ನಾಟಕಕ್ಕೆ ಇಟ್ಟುಕೊಳ್ಳಬೇಕು.

ಜುಲೈ ೩, ಗುರುವಾರ

ಇವಳು ಸೋತಳು. ಸಂಧಾನ!

"ಆಯ್ತು. ದಿನಾ ಎಂಟೇ ತಗೊಳ್ಳಿ. ಆದ್ರೆ ನಾನೇ ಕೊಡ್ತೀನಿ, ನೀವು ಅಂಗಡಿಗೆ ಹೋಗಬೇಡಿ. ಡಬ್ಬಿ ನನ್ನ ಹತ್ರ ಇರಲಿ. ಒಪ್ಪಿಗೇನಾ?"

ಒಪ್ಪಿದೆ. ರಾಜರು ಬೊಕ್ಕಸದ ಬೀಗ ಹೊರುವುದಿಲ್ಲ. ತಟ್ಟೆಯಲ್ಲಿ ಎಂಟು ಬಿಳಿ, ಪಕ್ಕದಲ್ಲಿ ಎರಡು ಕೆಂಪು. ಎಣಿಸಿದೆ. ಒಂದೇ ಗುಟುಕು.

ಜುಲೈ ೧೭, ಗುರುವಾರ

ಪುನಃ ಪೂರ್ತಿ ದನಿ! ಎಂಟು ಎಂದರೆ ಎಂಟೇ. ಏಳಕ್ಕೂ ಎಂಟಕ್ಕೂ ಎಷ್ಟು ವ್ಯತ್ಯಾಸ ಎಂಬುದು ವೈದ್ಯರಿಗೆ ಹೇಗೆ ತಿಳಿದೀತು? ರಂಗದ ಮೇಲೆ ನಿಂತವನಿಗೆ ಮಾತ್ರ ತಿಳಿಯುತ್ತದೆ.

ಈಚೆಗೆ ನಿದ್ದೆಯೂ ಬರುತ್ತಿದೆ. ಗಟ್ಟಿ ಮನುಷ್ಯ ನಾನು, ಮಾತ್ರೆ ಒಗ್ಗಿಹೋಗಿದೆ.

ಜುಲೈ ೨೮, ಸೋಮವಾರ

ಕಿರೀಟ ಸರಿಯಾಗಿ ಕೂತಿತು. ಬೈದದ್ದಕ್ಕೆ ಗೋಂದಣ್ಣ ಕೊನೆಗೂ ಅಗಲ ಮಾಡಿದ್ದಾನೆ. ಮಾಡಿಲ್ಲ ಎಂದು ಸಾಧಿಸುತ್ತಾನೆ, ಮುದುಕನ ಹಟ.

ರಾಣಿ ಹುಡುಗಿಗೆ ಇಂದು ಒಂದು ಚಾಕಲೇಟು ಕೊಟ್ಟೆ. ಯಾಕೋ ಕೊಡಬೇಕೆನಿಸಿತು. ಅವಳು ಹೆದರಿಕೊಂಡೇ ತೆಗೆದುಕೊಂಡಳು.

ಆಟ ಮುಗಿದ ಮೇಲೆ ಮ್ಯಾನೇಜರು ಕೈ ಕುಲುಕಿದ. "ಇನ್ನು ಆ ಸಿಂಹಾಸನ ನಿಮ್ಮದೇ," ಅಂದ. ಕುರ್ಚಿ ಅನ್ನಲಿಲ್ಲ, ಗಮನಿಸಿದೆ.

ಆಗಸ್ಟ್ ೫, ಮಂಗಳವಾರ

ದ್ರೋಹ! ದ್ರೋಹ! ದ್ರೋಹ!

ಸಾವಧಾನವಾಗಿ ಬರೆಯುತ್ತೇನೆ.

ಬೆಳಿಗ್ಗೆ ಇವಳು ತಟ್ಟೆಯಿಟ್ಟು ಹೊರಗೆ ಹೋಗಿದ್ದಳು. ನಾನು ಮಾತು ಒಪ್ಪಿಸುತ್ತಲೇ ಮಾತ್ರೆ ಎಸೆದುಕೊಂಡೆ. ಒಂದು ನಾಲಗೆಗೆ ಅಂಟಿಕೊಂಡಿತು. ಸಿಹಿ! ಎಲ್ಲವನ್ನೂ ಅಂಗೈಗೆ ಉಗಿದೆ. ಒಂದೊಂದಾಗಿ ಕಚ್ಚಿದೆ. ಮೂರು ಕಹಿ, ಬೇವಿನಂಥ ಕಹಿ. ಐದು ಸಿಹಿ.

ಸುಳ್ಳು ಮಾತ್ರೆ ಮಾಡಬಲ್ಲ ಕೈ ಈ ಊರಿನಲ್ಲಿ ಒಂದೇ. ಸಾಮಾನಿನ ಕೋಣೆಗೆ ನುಗ್ಗಿದೆ. ಗೋಂದಣ್ಣ ನಾಟಕದ ರುಂಡವೊಂದಕ್ಕೆ ಕೂದಲು ಅಂಟಿಸುತ್ತಿದ್ದ. ಸಿಹಿ ಮಾತ್ರೆಯನ್ನು ಅವನ ಮೂಗಿನ ಕೆಳಗೆ ಹಿಡಿದೆ.

"ಅಮ್ಮಾವ್ರು ಹೇಳಿದ್ರು," ಎಂದ. "ಸಕ್ಕರೆ ಪುಡಿ, ಒಂಚೂರು ಅಂಟು. ಅಷ್ಟೇ ರಾಜರೇ. ವಾರಕ್ಕೊಂದು ಹೆಚ್ಚು. ನಲವತ್ತು ವರ್ಷ ಸುಳ್ಳು ವಿಷ ಮಾಡಿದ್ದೀನಿ, ಸುಳ್ಳು ಔಷಧ ಇದೇ ಮೊದಲು." ಮತ್ತೆ, ತಡೆಯಲಾರದೆ: "ನಡುವಿನ ಗೀರು ಕೂಡ ಕೊರೆದಿದ್ದೆ. ನಡುಗೋ ಕೈಯಲ್ಲಿ."

ಇವಳು ಬಂದಾಗ ಕೇಳಿದೆ. ಅಲ್ಲಗಳೆಯಲಿಲ್ಲ.

"ಹೌದು ರೀ. ಡಾಕ್ಟರು ಕಮ್ಮಿ ಮಾಡು ಅಂದಿದ್ರು, ನೀವು ಎಂಟು ಎಣಿಸದೆ ಬಿಡ್ತಿರಲಿಲ್ಲ. ಎಂಟು ಎಣಿಸಿಕೊಳ್ಳಿ ಅಂತ ಕೊಟ್ಟೆ. ಒಂದು ತಿಂಗಳಾಯ್ತು. ಕಿರೀಟ ಸರಿಹೋಯ್ತು, ನಿದ್ದೆ ಬಂತು. ನಿಮಗೆ ಗೊತ್ತಾ? ಈ ಒಂದು ತಿಂಗಳು ನೀವು ಗುಡುಗಿದ್ದೆಲ್ಲ ಬರೀ ನಿಮ್ಮ ಗಂಟಲೇ. ಮಾತ್ರೆ ಅಲ್ಲ. ನಿಮ್ಮದೇ."

ಅಷ್ಟು ಉದ್ದದ ಮಾತು ಆಡಿ ಉಸಿರು ಕಟ್ಟಿ ಕೆಮ್ಮಿದಳು. ಉತ್ತರ ಕೊಡುವ ಜಾಗ ನನಗೆ ಗೊತ್ತಿತ್ತು.

ಸಂಜೆ. ಕೊನೆಯ ಅಂಕ. ಪೀಠ. ತುಂಬಿದ ಸಭೆ. ಮಗನಿಗೆ ಶಿಕ್ಷೆ ವಿಧಿಸುವ ಗಳಿಗೆ. ಕೈಯೆತ್ತಿ ಎಲ್ಲರನ್ನೂ ತಡೆದೆ.

"ನಿಲ್ಲಿ! ಮಗನಿಗಿಂತ ದೊಡ್ಡ ದ್ರೋಹಿ ಈ ದರ್ಬಾರಿನಲ್ಲಿದ್ದಾಳೆ! ನನ್ನ ಬೆನ್ನ ಹಿಂದೆಯೇ ಅಡಗಿದ್ದಾಳೆ! ಭಟರೇ, ಎಳೆದು ತನ್ನಿ!"

ಭಟರ ಪಾತ್ರದ ಇಬ್ಬರೂ ತಮ್ಮನ ಮುಖ ನೋಡಿದರು. ತಮ್ಮ ಹತ್ತಿರ ಬಂದು ಹಲ್ಲು ಕಚ್ಚಿಕೊಂಡು, "ಅಣ್ಣಾ, ಬೇಡ. ಅತ್ತಿಗೆ ಕಣೋ," ಅಂದ. "ಭಟರೇ!" ಎಂದೆ. ದೀಪಗಳೇ ನಡುಗಿದವು. ಎಳೆದು ತಂದರು.

ಇವಳು ಬೆಳಕಿನಲ್ಲಿ ನಿಂತಳು. ಮನೆಯ ಹತ್ತಿ ಸೀರೆ, ಕೆಳಗೆ ಸರಿದ ಕನ್ನಡಕ, ಕೈಯಲ್ಲಿ ಉರಿಯುತ್ತಿರುವ ಟಾರ್ಚು. ಆರಿಸಲು ಮರೆತಿದ್ದಳು. ಹದಿನಾರು ವರ್ಷವಾಗಿತ್ತು ಜನ ಇವಳನ್ನು ನೋಡಿ. ಕಣ್ಣು ಕುಕ್ಕಿ ಪಿಳಿಪಿಳಿ ಮಾಡಿದಳು. ಸಭೆ ನಕ್ಕಿತು.

"ಔಷಧದಲ್ಲಿ ಮೋಸ ಬೆರೆಸಿದವಳೇ! ದನಿಯಿಲ್ಲದ ನಾಗರವೇ! ನಿನಗೆ ಹೇಳುವುದೇನಾದರೂ ಇದ್ದರೆ ಸಭೆಗೆ ಕೇಳುವಂತೆ ಹೇಳು!"

ಬಾಯಿ ತೆರೆದಳು. ತುಟಿ ಆಡಿತು. ಮೊದಲ ಸಾಲಿಗೂ ಕೇಳಲಿಲ್ಲ. ಅದನ್ನೇ ನಾನು ಬಯಸಿದ್ದು.

ಆಗ ಗಡೀಪಾರಿನ ಮಾತು ಹೇಳಬೇಕಾಯಿತು. ಇಪ್ಪತ್ತೆರಡು ವರ್ಷದಿಂದ ಹೇಳಿದ ಮಾತು. ನಾನು ಒಂದು ಕ್ಷಣ ನಿಲುಗಡೆ ಕೊಟ್ಟೆ. ಮರೆತದ್ದಲ್ಲ, ನಿಲುಗಡೆ. ಆದರೆ ಇವಳು, ನನ್ನೆದುರೇ ನಿಂತವಳು, ಅಭ್ಯಾಸಬಲ ನೋಡಿ, ನನ್ನ ಕಣ್ಣು ನೋಡುತ್ತಾ ಮೆಲ್ಲಗೆ ಎತ್ತಿಕೊಟ್ಟಳು:

"ಈ ಗಳಿಗೆಯಿಂದ ಈ ನಾಡಿನ ನೀರೂ ನಿನಗಿಲ್ಲ."

"ಈ ಗಳಿಗೆಯಿಂದ ಈ ನಾಡಿನ ನೀರೂ ನಿನಗಿಲ್ಲ!" ಎಂದು ಗುಡುಗಿದೆ.

ಚಪ್ಪಾಳೆಯೋ ಚಪ್ಪಾಳೆ. ನಾಟಕಕ್ಕೆ ಹೊಸ ತಿರುವು ಬಂತೆಂದು ಕುಣಿದರು ಜನ. ಇವಳು ಟಾರ್ಚು ಆರಿಸಿ ಸೇನಾಪತಿಯ ಕೈಗೆ ಕೊಟ್ಟು, ಬಲಗಡೆಯಿಂದ ನಿಷ್ಕ್ರಮಿಸಿದಳು. ರಾಣಿಯಾಗಿದ್ದಾಗ ನಾನೇ ಕಲಿಸಿದ ನಡಿಗೆ.

ಆಗಸ್ಟ್ ೬, ಬುಧವಾರ

ಇವಳ ಪೆಟ್ಟಿಗೆ ಇಲ್ಲ. ಕನ್ನಡಕ ಒರೆಸುವ ಬಟ್ಟೆ ಮಾತ್ರ ಮೇಜಿನ ಮೇಲಿದೆ.

ರಾತ್ರಿಯೆಲ್ಲ ಯೋಚಿಸಿದೆ. ಇವಳ ಬಾಯಿಂದಲೇ ಸತ್ಯ ಬಿದ್ದಿದೆ: ನನ್ನ ದನಿಗೆ ಮಾತ್ರೆ ಬೇಕಿರಲಿಲ್ಲ. ಸಕ್ಕರೆ ತಿಂದು ಗೆದ್ದವನಿಗೆ ಔಷಧಿ ಯಾಕೆ? ಕೆಂಪಿನಲ್ಲೂ ಗೋಂದಣ್ಣನ ಇಟ್ಟಿಗೆಪುಡಿ ಎಷ್ಟೋ, ಯಾರಿಗೆ ಗೊತ್ತು? ಬಿಳಿ, ಕೆಂಪು, ಎರಡೂ ಡಬ್ಬಿಗಳನ್ನು ಬಚ್ಚಲಿಗೆ ಸುರಿದು ನೀರು ಬಿಟ್ಟೆ.

ಹೋಗಿ, ಕುದುರೆಗಳೇ! ರಾಜ ಇನ್ನು ನಡೆದೇ ಹೋಗುತ್ತಾನೆ!

ಆಗಸ್ಟ್ ೮, ಶುಕ್ರವಾರ

ಪ್ರಾಂಪ್ಟರಿಲ್ಲದೆ ಎರಡು ಆಟ. ತಮ್ಮ ಎರಡು ಕಡೆ ತೊದಲಿದ, ರಾಣಿ ಹುಡುಗಿ ಒಂದು ಕಡೆ. ನಾನು ಕೆಲವು ಮಾತು ಬದಲಿಸಿದೆ, ಬೇಕೆಂದೇ. ಮ್ಯಾನೇಜರು ಹೊಸಬರನ್ನು ತರಲೇ ಎಂದ. ಆ ಗೂಡು ಖಾಲಿ ಇರಲಿ ಎಂದೆ.

ಆಗಸ್ಟ್ ೧೧, ಸೋಮವಾರ

ಮೈ ಭಾರ. ಮೆಟ್ಟಿಲು ಹತ್ತುವಾಗ ತಲೆ ತಿರುಗಿತು. ಊಟ ಸೇರಲಿಲ್ಲ. ಸೆಖೆ ಇರಬೇಕು.

ಎರಡನೇ ಅಂಕದಲ್ಲಿ ಒಂದು ಪುಟವೇ ಹಾರಿಹೋಯಿತು. ಗಾಳಿಗೆ ಹಾರಿದ ಹಾಗೆ.

ಆಗಸ್ಟ್ ೧೩, ಬುಧವಾರ

ರಕ್ತ.

ನಾಳೆ ಆಟವಿದೆ. ಹೇಳುವುದಿಲ್ಲ. ಯಾರಿಗೆ ಹೇಳಲಿ?

ಆಗಸ್ಟ್ ೨೨, ಶುಕ್ರವಾರ

ಆಸ್ಪತ್ರೆ. ಪೆನ್ನು ಹಿಡಿಯಲು ಇಂದು ಬಿಟ್ಟರು.

ಹದಿನಾಲ್ಕರ ಆಟ ನೆನಪಿದೆ, ಒಂದು ಮಟ್ಟದವರೆಗೆ. ಕಿರೀಟ ಸಡಿಲವಾಗಿತ್ತು. ಪೀಠದ ಮೇಲೆ ಕೂತೆ. "ನ್ಯಾಯ ಮುಗಿಯುವವರೆಗೆ ಈ ಪೀಠದಿಂದ ಏಳೆನು," ಎಂದೆ. ಗುಡುಗು ಬರಲಿಲ್ಲ. ಹೊಟ್ಟೆ ಹಿಂಡಿತು. ಏಳಬೇಕೆಂದೆ, ಕಾಲು ಕೇಳಲಿಲ್ಲ. ಕೂತಲ್ಲೇ ಬೆಚ್ಚಗಾಯಿತು. ಪೀಠದ ಹಾಸು ಕೆಂಪು ರೇಷ್ಮೆ. ಯಾರಿಗೂ ಕಾಣಲಿಲ್ಲ.

ಮುಂದಿನ ಮಾತು ಬರಬೇಕು. ಬರಲಿಲ್ಲ. ತಲೆಯನ್ನು ಹಿಂದಕ್ಕೊರಗಿಸಿ ಕಿಂಡಿಗೆ ಕಿವಿ ಕೊಟ್ಟೆ. ಕಾದೆ. ಬರೀ ಗಾಳಿ ಬರುತ್ತಿತ್ತು.

ಮುಂದಕ್ಕೆ ಬಿದ್ದೆನಂತೆ, ಮೂರು ಮೆಟ್ಟಿಲು ಉರುಳಿ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಂತೆ. ಅಂಥ ಸಾವು ಯಾವ ನಟನೂ ನಟಿಸಿಲ್ಲ ಎಂದು ಮಾರನೇ ದಿನ ಊರೆಲ್ಲ ಮಾತಂತೆ.

ತಮ್ಮ ಇಂದು ನೋಡಲು ಬಂದ. ಹಣೆಯ ಸುತ್ತ ಕೆಂಪು ಗೆರೆ. ನನ್ನ ಕಿರೀಟ ಅವನಿಗೆ ಬಿಗಿ.

"ನನ್ನನ್ನ ಹೊರಗೆ ಹೊತ್ತುಕೊಂಡು ಹೋದ ಮೇಲೆ ಪರದೆ ಎಳೆದಿರಾ?" ಎಂದೆ.

"ಇಲ್ಲ ಅಣ್ಣಾ. ಹಾಸು ತಿರುಗಿಸಿ ಹಾಕಿ ನಾನು ಕೂತೆ. ಆಟ ನಿಲ್ಲಬಾರದು ಅಂತ ನೀನೇ ತಾನೇ ಕಲಿಸಿದ್ದು?"

ನಾನೇ ಕಲಿಸಿದ್ದು. ಒಳ್ಳೆಯ ಶಿಷ್ಯ.

ಡಾಕ್ಟರಮ್ಮ ಸುತ್ತು ಬಂದಾಗ ಕೈಯಲ್ಲಿ ಪುಟ್ಟ ಪುಸ್ತಕವಿತ್ತು. "ಇದು ಸಿಗದಿದ್ರೆ ನಾವು ಹೊಟ್ಟೆಯ ರಕ್ತ ಒಂದನ್ನೇ ನೋಡ್ಕೊಂಡು ಕೂತಿರ್ತಿದ್ವಿ. ಸ್ಟಿರಾಯ್ಡ್ ತಟ್ಟನೆ ನಿಂತದ್ದು ತಿಳಿಯೋ ಹೊತ್ತಿಗೆ ನೀವು ಇರ್ತಿರಲಿಲ್ಲ," ಎಂದಳು. "ದಿನಕ್ಕೆ ಮೂರು ಮಾತ್ರೆಗೆ ಇಳಿದಿತ್ತು. ಇನ್ನು ಮೂರೇ ವಾರ. ಕ್ಷೇಮವಾಗಿ ಇಳಿದುಬಿಡ್ತಿದ್ರಿ."

ಪುಸ್ತಕ ತೆರೆದೆ. ಇವಳ ಅಕ್ಷರ.

'ಜುಲೈ ೧೭. ಕಹಿ ೫, ಸಿಹಿ ೩. ನಿದ್ದೆ ಆರು ಗಂಟೆ. ಸಿಟ್ಟು: ಗೋಂದಣ್ಣನ ಮೇಲೆ, ಒಂದೇ ಸಲ.'

'ಜುಲೈ ೨೮. ಕಹಿ ೪, ಸಿಹಿ ೪. ಕಿರೀಟ ಕೂತಿತು. ಹುಡುಗಿಗೆ ಚಾಕಲೇಟು ಕೊಟ್ಟರು. ಬರ್ತಾ ಇದ್ದಾರೆ.'

ಕೊನೆಯದು ಆಗಸ್ಟ್ ೫. 'ಕಹಿ ೩, ಸಿಹಿ ೫.' ಮುಂದೆ ಖಾಲಿ.

ಬರ್ತಾ ಇದ್ದಾರೆ ಎಂದರೆ? ಯಾರು ಬರುತ್ತಿದ್ದರು? ವಾಕ್ಯ ಪೂರ್ತಿ ಮಾಡಲು ಬಾರದವಳು.

"ಇದನ್ನ ಯಾರು ತಂದದ್ದು?" ಎಂದು ನರ್ಸನ್ನು ಕೇಳಿದೆ.

"ಕನ್ನಡಕದವರು ಒಬ್ರು. ನಿಮಗೆ ಪ್ರಜ್ಞೆ ಬರೋವರೆಗೂ ಎರಡು ದಿನ ಬಾಗಿಲ ಹತ್ರ ಕೂತಿದ್ರು. ತುಂಬಾ ಮೆಲ್ಲಗೆ ಮಾತಾಡ್ತಾರೆ, ಕಿವಿ ಹತ್ರ ಇಟ್ಟು ಕೇಳ್ಬೇಕು. ಕಣ್ಣು ಬಿಟ್ರು ಅಂತ ಹೇಳಿದ ತಕ್ಷಣ ಎದ್ದು ಹೋದ್ರು."

ಸೆಪ್ಟೆಂಬರ್ ೫, ಶುಕ್ರವಾರ

ಆಸ್ಪತ್ರೆಯಿಂದ ಕೋಣೆಗೆ ಬಂದಿದ್ದೇನೆ. ಎಂಟರಿಂದ ಮತ್ತೆ ಶುರು, ಇಂದಿನಿಂದ ಆರು. ಮುಖ ಮತ್ತೆ ಹುಣ್ಣಿಮೆಯಾಗಿದೆ. ಕನ್ನಡಿಯನ್ನು ಗೋಡೆಗೆ ತಿರುಗಿಸಿಟ್ಟೆ.

ಮ್ಯಾನೇಜರು ಹೇಳಿಕಳಿಸಿದ: ಬಂದರೆ ಮೊದಲ ಅಂಕದ ದ್ವಾರಪಾಲಕನ ಪಾತ್ರವಿದೆ. ಮೂರು ಮಾತು. ಬಾಗಿಲು ಪಕ್ಕದಲ್ಲೇ ಇರುವುದರಿಂದ ಯಾವಾಗ ಬೇಕಾದರೂ ಹೊರಗೆ ಹೋಗಬಹುದು ಎಂದೂ ಹೇಳಿದನಂತೆ.

ಸೆಪ್ಟೆಂಬರ್ ೧೯, ಶುಕ್ರವಾರ

ಗೋಂದಣ್ಣ ಬಂದಿದ್ದ. ಬಾಗಿಲಲ್ಲೇ ನಿಂತ. ಕೂರು ಎಂದೆ, ಮೂರು ಸಲ ಹೇಳಬೇಕಾಯಿತು.

ಪೀಠದ ಕಿಂಡಿಗೆ ಹಲಗೆ ಹೊಡೆದನಂತೆ. ತಮ್ಮನ ಕಿವಿಯಲ್ಲಿ ಈಗ ಗುಂಡಿಯಂಥ ಯಂತ್ರವಿದೆ, ಯಾರೋ ದೂರದಿಂದ ಮಾತು ಕೊಡುತ್ತಾರೆ. "ಜನ ಬರ್ತಾರಾ?" ಎಂದೆ. "ಬರ್ತಾರೆ ರಾಜರೇ." ಮುದುಕನಿಗೆ ಸುಳ್ಳು ಹೇಳಲು ಬರುವುದಿಲ್ಲ, ಮಾಡಲು ಮಾತ್ರ ಬರುತ್ತದೆ.

"ಅಮ್ಮಾವ್ರು?"

"ಕಣ್ಣಿಲ್ಲದ ಮಕ್ಕಳ ಶಾಲೇಲಿ ಕಥೆ ಓದಿ ಹೇಳ್ತಾರೆ. ದನಿ ಸಣ್ಣದಲ್ವಾ, ಇಪ್ಪತ್ತು ಮಕ್ಕಳೂ ಉಸಿರು ಬಿಗಿಹಿಡಿದು ಕೇಳ್ತಾವೆ. ಒಂದು ಮಗೂ ಕೆಮ್ಮಲ್ಲ. ನಾನು ನೋಡಿದೆ."

ಇಪ್ಪತ್ತು ಮಕ್ಕಳ ಸಭೆ! ನಗು ಬಂತು. ನನ್ನ ಸಭೆಯಲ್ಲಿ ಸದಾ ಯಾರಾದರೂ ಕೆಮ್ಮುತ್ತಿದ್ದರು ಎಂಬುದು ಯಾಕೋ ನೆನಪಾಯಿತು.

ಅವನು ಹೊರಡುವಾಗ, ಏನೂ ಕೆಲಸವಿಲ್ಲದೆ ಕೂತವನ ಚಪಲವಷ್ಟೇ, ಕೇಳಿದೆ: "ಗೋಂದಣ್ಣ, ನಿನ್ನ ಆ ಸಿಹಿ ಮಾತ್ರೆ ಒಂದಿದ್ರೆ ಮಾಡಿಕೊಡು. ಒಂದೇ ಒಂದು."

ಗೋಂದಣ್ಣ ಚಪ್ಪಲಿ ಮೆಟ್ಟಿಕೊಂಡ. ಎಡದ್ದು ಬಲಕ್ಕೆ ಹಾಕಿಕೊಂಡು ಮತ್ತೆ ಬದಲಿಸಿದ.

"ಅದು ಅಮ್ಮಾವ್ರು ಹೇಳಿದ್ರೆ ಮಾತ್ರ ಮಾಡೋದು ರಾಜರೇ," ಎಂದ. ಹೋದ.

ತಿಂಡಿಯಾಯಿತು. ಇಂದಿನ ಲೆಕ್ಕ ನಾಲ್ಕು. ಈಚೆಗೆ ಒಂದೇ ಗುಟುಕಿಗೆ ನುಂಗುವುದನ್ನು ಬಿಟ್ಟಿದ್ದೇನೆ. ಗಂಟಲಿಗೆ ಸಿಕ್ಕಿಕೊಂಡೀತು ಎಂಬ ಎಚ್ಚರಿಕೆ, ಬೇರೇನಿಲ್ಲ. ಒಂದೊಂದನ್ನೇ ನಾಲಗೆಯ ಮೇಲಿಟ್ಟುಕೊಂಡು, ಕಚ್ಚಿ ನೋಡಿ, ಆಮೇಲೆ ನುಂಗುತ್ತೇನೆ.

ನಾಲ್ಕನ್ನೂ ಕಚ್ಚಿದೆ. ನಾಲ್ಕೂ ಅಸಲಿ.